ಜೆರಾಕ್ಸ್ ಅಂಗಡಿ ಕಂಪ್ಯೂಟರಿಗೆ ವೈರಸ್: ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಸಾಕೇ, ಫಾರ್ಮ್ಯಾಟೇ ಬೇಕೇ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಕಾಲೇಜುಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳ ಕಂಪ್ಯೂಟರಿಗೆ ದಿನವಿಡೀ ಯಾರ್ಯಾರದೋ ಪೆನ್‌ಡ್ರೈವ್ ಬೀಳುತ್ತದೆ. ಫೋಲ್ಡರೆಲ್ಲ ಮಾಯವಾಗಿ ಶಾರ್ಟ್‌ಕಟ್ ಮಾತ್ರ ಉಳಿಯುವ ಆ ಹಳೆಯ ವೈರಸ್ ಅಂಗಡಿಯಿಂದ ಅಂಗಡಿಗೆ ದಾಟುವುದು ಹೀಗೇ. ರಿಪೇರಿಗೆ ಒಯ್ದರೆ ಬರುವ ಮಾತು ಬಹುಮಟ್ಟಿಗೆ ಒಂದೇ: ‘ಫಾರ್ಮ್ಯಾಟ್ ಮಾಡ್ಬೇಕು ಸಾರ್’. ಅದಕ್ಕೆ ಒಪ್ಪುವ ಮೊದಲು ಮೈಕ್ರೋಸಾಫ್ಟ್ ಪುಕ್ಕಟೆ ಕೊಡುವ ಎರಡು ಸಾಧನಗಳನ್ನು ತೂಗಿ ನೋಡಬೇಕು. ಒಂದು, ವಿಂಡೋಸಿನೊಳಗೇ ಇರುವ ಆಂಟಿವೈರಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್, ಇನ್ನೊಂದು, ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಹಾಕುವ ಹೊಸ ವಿಂಡೋಸ್.

ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್: ಐದಕ್ಕೆ ನಾಲ್ಕು

ವಿಂಡೋಸ್ ಓಡುತ್ತಿರುವಾಗ ವೈರಸ್ಸೂ ಓಡುತ್ತಿರುತ್ತದೆ. ತನ್ನ ಫೈಲನ್ನು ಬಚ್ಚಿಡುತ್ತದೆ, ಅಳಿಸಿದರೆ ಮತ್ತೆ ಬರೆಯುತ್ತದೆ. ಆಫ್‌ಲೈನ್ ಸ್ಕ್ಯಾನ್ ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಈ ಆಟ ನಡೆಯುವುದಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಸ್ಕ್ಯಾನ್ ಆಪ್ಷನ್ಸ್, ಕೊನೆಯಲ್ಲಿ ಇದು ಸಿಗುತ್ತದೆ. ಮೊದಲು ಅಪ್‌ಡೇಟ್ ಮಾಡಿಕೊಳ್ಳಿ. ತೆರೆದಿಟ್ಟ ಕೆಲಸವನ್ನೆಲ್ಲ ಸೇವ್ ಮಾಡಿ, ಏಕೆಂದರೆ ಒತ್ತಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸುಮಾರು 15 ನಿಮಿಷದ ಕೆಲಸ. ಸಿಕ್ಕಿದ್ದೇನು ಎಂಬುದು ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಶಾರ್ಟ್‌ಕಟ್ ವೈರಸ್ಸಿಗೆ ಇಷ್ಟು ಸಾಮಾನ್ಯವಾಗಿ ಸಾಕು, ಆದರೆ ಕ್ರಮ ತಪ್ಪಬಾರದು. ಈ ಜಾತಿಯ ವೈರಸ್ ಹೆಚ್ಚಾಗಿ ಒಂದು ವಿಬಿ ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಬರೆದಿಟ್ಟ ಒಂದು ಸಣ್ಣ ಫೈಲು. ಅದು ಡಬ್ಲ್ಯೂಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಮೂಲಕ ಓಡುತ್ತಾ, ನಿಮ್ಮ ಫೋಲ್ಡರುಗಳಿಗೆ ಹಿಡನ್ ಮತ್ತು ಸಿಸ್ಟಂ ಎಂಬ ಗುರುತು ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಡೇಟಾ ಎಲ್ಲಿಯೂ ಹೋಗಿರುವುದಿಲ್ಲ. ಮೊದಲು ಟಾಸ್ಕ್ ಮ್ಯಾನೇಜರಿನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ನಿಲ್ಲಿಸಿ, ಸ್ಟಾರ್ಟಪ್ ಪಟ್ಟಿಯಿಂದ ಅದನ್ನು ತೆಗೆದು, ಆಮೇಲೆ ಆಫ್‌ಲೈನ್ ಸ್ಕ್ಯಾನ್. ಪೆನ್‌ಡ್ರೈವ್ ಸರದಿ ಕೊನೆಗೆ. ಅದಕ್ಕೆ, ಆ ಗುರುತುಗಳನ್ನು ತೆಗೆಯುವ ಅಟ್ರಿಬ್ ಕಮಾಂಡಿನಲ್ಲಿ ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್ ಕೊಟ್ಟು ಫೋಲ್ಡರುಗಳನ್ನು ಹೊರತೆಗೆದು ಶಾರ್ಟ್‌ಕಟ್‌ಗಳನ್ನು ಅಳಿಸಬೇಕು. ಪೆನ್‌ಡ್ರೈವನ್ನೇ ಮೊದಲು ತೊಳೆದರೆ ಚಾಲ್ತಿಯಲ್ಲಿರುವ ಸ್ಕ್ರಿಪ್ಟ್ ಅದನ್ನು ಮತ್ತೆ ಕೆಡಿಸುತ್ತದೆ. ‘ಎಷ್ಟು ತೆಗೆದರೂ ಹೋಗ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ತಪ್ಪೇ.

ಒಂದು ಅಂಕ ಕಳೆದದ್ದು ಏಕೆಂದರೆ ಇದು ವೈರಸ್ ಫೈಲು ತೆಗೆಯುತ್ತದೆಯೇ ಹೊರತು ವೈರಸ್ ಬದಲಿಸಿಟ್ಟ ಸೆಟ್ಟಿಂಗುಗಳನ್ನೆಲ್ಲ ಸರಿಪಡಿಸುವುದಿಲ್ಲ. ಡಿಫೆಂಡರಿನ ಎಕ್ಸ್‌ಕ್ಲೂಷನ್ ಪಟ್ಟಿ (ಸ್ಕ್ಯಾನ್ ಮಾಡದೆ ಬಿಡುವ ಫೈಲು, ಫೋಲ್ಡರುಗಳು), ಇಂಟರ್ನೆಟ್ಟನ್ನು ಬೇರೆ ದಾರಿಯಲ್ಲಿ ಕಳಿಸುವ ಪ್ರಾಕ್ಸಿ, ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ಟಾಸ್ಕ್ ಶೆಡ್ಯೂಲರ್ ಮೂರನ್ನೂ ಕೈಯಾರೆ ನೋಡಬೇಕು. ಅಂಗಡಿಯ ಸ್ವಂತ ಕ್ರೋಮ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಸಾಲು ಕಂಡರೆ ಯಾವುದೋ ಪ್ರೋಗ್ರಾಂ ಕ್ರೋಮ್ ಮೇಲೆ ಕಡ್ಡಾಯ ಸೆಟ್ಟಿಂಗ್ (ಪಾಲಿಸಿ) ಹಾಕಿದೆ ಎಂದರ್ಥ. ಅದು ಆಂಟಿವೈರಸ್ ಇರಬಹುದು, ಜಾಹೀರಾತು ತುರುಕುವ ಆಡ್‌ವೇರೂ ಇರಬಹುದು. ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್, ವಿಂಡೋಸ್ ಜೊತೆ ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿಮಾಡುವ ಪ್ರೋಗ್ರಾಂ, ಈ ಹುಡುಕಾಟಕ್ಕೆ ಅಚ್ಚುಕಟ್ಟಾದ ಸಾಧನ. ಮೈಕ್ರೋಸಾಫ್ಟಿನ ಸಾಲುಗಳನ್ನು ಮರೆಮಾಡಿ, ಉಳಿದವುಗಳಲ್ಲಿ ಗುಲಾಬಿ ಮತ್ತು ಹಳದಿ ಬಣ್ಣದವನ್ನು ಮೊದಲು ನೋಡಿ. ಅನುಮಾನ ಬಂದದ್ದರ ಟಿಕ್ ತೆಗೆದರೆ ಸಾಕು, ಅಳಿಸಲು ಅವಸರ ಬೇಡ.

ಹೊಸ ಇನ್‌ಸ್ಟಾಲ್: ಸರಿಯಾಗಿ ಮಾಡಿದರೆ ಐದಕ್ಕೆ ಐದು

ಡಿಫೆಂಡರ್ ಆನ್ ಆಗುವುದೇ ಇಲ್ಲ, ತೆಗೆದ ಎಕ್ಸ್‌ಕ್ಲೂಷನ್ ರೀಸ್ಟಾರ್ಟ್ ಆದ ಮೇಲೆ ಮತ್ತೆ ಬಂದಿದೆ, ಲೈಸೆನ್ಸ್ ಇಲ್ಲದೆ ಕಳ್ಳದಾರಿಯಲ್ಲಿ ಆಕ್ಟಿವೇಟ್ ಮಾಡುವ ಕ್ರ್ಯಾಕ್ ಆಕ್ಟಿವೇಟರ್ ಓಡಿಸಲಾಗಿದೆ, ಪಾಸ್‌ವರ್ಡ್ ಕದಿಯುವ ಟ್ರೋಜನ್ ಸಿಕ್ಕಿದೆ: ಇವುಗಳಲ್ಲಿ ಒಂದಿದ್ದರೂ ಸ್ಕ್ಯಾನ್ ನಂಬಿ ಕೂರಬೇಡಿ. ಗಿರಾಕಿಗಳ ಆಧಾರ್, ಬ್ಯಾಂಕ್ ಲಾಗಿನ್ ನಡೆಯುವ ಯಂತ್ರವಾದರೆ ಅನುಮಾನ ಬಂದಾಗಲೇ ಹೊಸ ವಿಂಡೋಸ್ ಹಾಕುವುದು ನ್ಯಾಯ. ಬೇರೆಯವರ ಹಣ ಅದು.

ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಮಾತ್ರ ಬೇರೆ ವಿಷಯ. ಫಾರ್ಮ್ಯಾಟ್ ಮಾಡಿದರೆ ವೈರಸ್ ಹೋಗುತ್ತದೆ, ಲಾಕ್ ಆದ ಫೈಲು ತೆರೆಯುವುದಿಲ್ಲ. ಲಾಕ್ ಆದ ಫೈಲುಗಳನ್ನೂ ಹಣ ಕೇಳುವ ಟಿಪ್ಪಣಿಯನ್ನೂ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿಡಿ. ಕೆಲವು ತಳಿಗಳಿಗೆ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಉಚಿತ ಬೀಗದಕೈ ಇದೆ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್‌ಸ್ಟಾಲ್ ಪೆನ್‌ಡ್ರೈವನ್ನು ವೈರಸ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತಯಾರಿಸಬೇಕು. ಕನಿಷ್ಠ 8 ಜಿಬಿ ಬೇಕು, ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು 8ನೇ ತಲೆಮಾರಿನ ಅಥವಾ ಹೊಸ ಇಂಟೆಲ್ ಪ್ರೊಸೆಸರ್ ಇದ್ದರೆ 11ನ್ನೇ ಹಾಕಿಸಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಸೆಟಪ್‌ಗೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿತೆಂದು ಹೆದರಬೇಡಿ. ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ತಂದು, ಬಿಚ್ಚಿ ಪೆನ್‌ಡ್ರೈವಿನಲ್ಲಿಟ್ಟು, ಲೋಡ್ ಡ್ರೈವರ್ ಒತ್ತಿದರೆ ಕಾಣುತ್ತದೆ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಶುರುಮಾಡಬೇಡಿ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಮಾಡಬೇಕಾಗುತ್ತದೆ.

ನಮ್ಮಲ್ಲಿ ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಡಿ ಬಿಡುವುದು ರೂಢಿ. ಡಿ ಡ್ರೈವಿನಲ್ಲಿ ಕೂಡಿಟ್ಟ ಹಳೆಯ ಸೆಟಪ್ ಫೈಲುಗಳಲ್ಲೇ ವೈರಸ್ ಇದ್ದರೆ ವಾರದೊಳಗೆ ಮತ್ತೆ ಅದೇ ಕಥೆ. ವಿಂಡೋಸಿನೊಳಗಿನ ‘ರೀಸೆಟ್ ದಿಸ್ ಪಿಸಿ’ಯಲ್ಲಿ ಫೈಲ್ ಉಳಿಸುವ ಆಯ್ಕೆಯದೂ ಇದೇ ದೋಷ: ಪ್ರೋಗ್ರಾಮುಗಳು ಹೋಗುತ್ತವೆ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುವ ವೈರಸ್ ಫೈಲು ಉಳಿಯುತ್ತದೆ. ಅದಕ್ಕೆ ಐದಕ್ಕೆ ಎರಡೂವರೆ. ಬೇಕಾದದ್ದನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ವಿಂಡೋಸ್ ಇರುವ ಡಿಸ್ಕಿನ ಎಲ್ಲ ಪಾರ್ಟಿಷನ್ (ಸಿ, ಡಿಯಂಥ ಭಾಗಗಳು) ಅಳಿಸಿ, ಹೊಸದಾಗಿ ವಿಂಡೋಸ್ ಹಾಕುವುದೇ ಸರಿ. ಕಾಪಿ ಮಾಡುವಾಗ ಫೋಟೋ, ಪಿಡಿಎಫ್, ವರ್ಡ್, ಎಕ್ಸೆಲ್ ಸಾಕು. ಸೆಟಪ್, ಸ್ಕ್ರಿಪ್ಟ್, ಶಾರ್ಟ್‌ಕಟ್ ಬೇಡ.

ನೆನಪಿಡಬೇಕಾದ ಇನ್ನೂ ಕೆಲವಿವೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿ, ಕರಾರು ಪತ್ರಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ; ಯಾವ ಆವೃತ್ತಿಯ ನುಡಿ ಎಂದು ಮೊದಲೇ ಬರೆದಿಟ್ಟುಕೊಂಡು ಅದನ್ನೇ ಹಾಕಿ. ತಿಪಟೂರಿನ ಕೊಬ್ಬರಿ ಮಂಡಿಯವರಾಗಲಿ, ಊರಿನ ಕಿರಾಣಿ ಅಂಗಡಿಯವರಾಗಲಿ, ಟ್ಯಾಲಿ ಡೇಟಾ ಫೋಲ್ಡರ್ ಕಾಪಿ ಮಾಡಿಕೊಂಡು ಲೈಸೆನ್ಸ್ ಸರೆಂಡರ್ ಮಾಡಿದ ಮೇಲೆಯೇ ಫಾರ್ಮ್ಯಾಟಿಗೆ ಕೈಹಾಕಬೇಕು. ಯುಎಸ್‌ಬಿ ಟೋಕನ್‌ನಲ್ಲಿರುವ ಡಿಜಿಟಲ್ ಸಹಿ (ಡಿಎಸ್‌ಸಿ) ಎಲ್ಲಿಯೂ ಹೋಗುವುದಿಲ್ಲ, ಡ್ರೈವರ್ ಮಾತ್ರ ಮತ್ತೆ ಹಾಕಬೇಕು. ಆಧಾರ್‌ಗೆ ಬೆರಳಿನ ಗುರುತು ಪಡೆಯುವ ಯಂತ್ರಕ್ಕೆ ಬೇಕಾದ ಆರ್‌ಡಿ ಸರ್ವಿಸ್ ಎಂಬ ಸಾಫ್ಟ್‌ವೇರ್, ಪ್ರಿಂಟರ್ ಡ್ರೈವರ್‌ಗೂ ಇದೇ ಮಾತು. ಎಸ್‌ಎಸ್‌ಡಿ ಇದ್ದರೆ ವಿಂಡೋಸ್ ಬೇಗ ಕೂರುತ್ತದೆ, ಇವೆಲ್ಲ ಸೇರಿ ಅರ್ಧ ದಿನ ಹಿಡಿಯುತ್ತದೆ.

ಆದ ಮೇಲೆ ಕ್ರೋಮ್‌ಗೆ ಲಾಗಿನ್ ಆದರೆ ಸಿಂಕ್ ಮೂಲಕ ಹಳೆಯ ಕೆಟ್ಟ ಎಕ್ಸ್‌ಟೆನ್ಷನ್ ಮರಳಿ ಬರಬಹುದು. ಮೊದಲು ಅದನ್ನು ತೆಗೆಯಿರಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿ. ಕೌಂಟರಿನ ಎರಡನೇ ಕಂಪ್ಯೂಟರನ್ನೂ ಅದೇ ದಿನ ಸ್ಕ್ಯಾನ್ ಮಾಡಿ.

ಅಂಗಡಿಯಲ್ಲಿ ಮಾಡಿಸಿದರೆ ಹಣ ಕೊಡುವ ಮುನ್ನ ಎರಡು ಕಡೆ ನೋಡಿ. ಲ್ಯಾಪ್‌ಟಾಪಿನ ಜೊತೆ ಬಂದ ಹೋಮ್ ಆವೃತ್ತಿಯನ್ನೇ ಹಾಕಿದ್ದರೆ, ಇಂಟರ್ನೆಟ್ ಸಿಕ್ಕೊಡನೆ ಅದು ಕೀ ಕೇಳದೆ ಡಿಜಿಟಲ್ ಲೈಸೆನ್ಸ್‌ನಿಂದ ತಾನೇ ಆಕ್ಟಿವೇಟ್ ಆಗುತ್ತದೆ. ಆಕ್ಟಿವೇಷನ್ ಪುಟದಲ್ಲಿ ಹೋಮ್ ಬದಲು ಪ್ರೊ ಇದ್ದರೆ, ಇಲ್ಲವೇ ಡಿಫೆಂಡರಿನ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಯಾವುದಾದರೂ ಫೋಲ್ಡರ್ ಕೂತಿದ್ದರೆ, ಆಕ್ಟಿವೇಟರ್ ಬಳಸಿದ್ದೀರಾ ಎಂದು ಕೇಳಿ. ಹೌದೆಂದರೆ ಅಲ್ಲೇ ಮತ್ತೆ ಹಾಕಿಸಿ.