ಒಂದೇ ಕಥೆ, ಮೂರು ಅಚ್ಚು: ಮೂರು ಅಂಕ, ಹದಿನೈದು ಬೀಟ್, ಎಂಟು ಸೀಕ್ವೆನ್ಸ್

ಮೊದಲು ಕಥೆ ಹೇಳಿಬಿಡುತ್ತೇನೆ. ಕೋಲಾರದ ಕಡೆಯ ಒಬ್ಬ ತಾತ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಬೋರ್ ಪಾಯಿಂಟ್. ಇದಕ್ಕೆ ವಿಜ್ಞಾನದ ಬೆಂಬಲ ಇಲ್ಲ, ಆದರೂ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಸುತ್ತಲಿನ ಊರಿಗೆಲ್ಲ ನೀರು ತೋರಿಸಿದ ಈ ತಾತ ತಮ್ಮ ಸ್ವಂತ ಹೊಲಕ್ಕೆ ಮಾತ್ರ ಕಾಯಿ ಹಿಡಿದು ಕಾಲಿಡುವುದಿಲ್ಲ. ಕೊನೆಗೆ ಮಗ ಸಾಲ ಮಾಡಿ ತಾನೇ ಬೋರ್ ಕೊರೆಸಲು ಹೊರಡುತ್ತಾನೆ.

ಈ ಕಥೆಯನ್ನು ಹತ್ತು ತಿಂಗಳಲ್ಲಿ ಮೂರು ಸಲ ಪೂರ್ತಿ ಚಿತ್ರಕಥೆ ಮಾಡಿದೆ. ಪ್ರತಿ ಸಲ ಬೇರೆ ಅಚ್ಚು, ಅಂದರೆ ಕಥೆ ಕಟ್ಟುವ ಬೇರೆ ಮಾದರಿ. ಬರೆದು ಮುಗಿದ ಮೇಲೆ ಕಥೆ ಗೊತ್ತಿಲ್ಲದ ಮೂರು ಜನರನ್ನು ಕೂರಿಸಿ ಜೋರಾಗಿ ಓದಿದೆ. ಇಂಟರ್ವಲ್‌ನಲ್ಲಿ ಟೀ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಈಗ ನಿಮಗೆ ಏನು ಗೊತ್ತಾಗಬೇಕು ಅನ್ನಿಸ್ತಿದೆ?" ನನಗೆ ಅಳತೆಗೋಲು ಇದೊಂದೇ. ನಮ್ಮ ಸಿನಿಮಾ ಅರ್ಧಕ್ಕೆ ನಿಲ್ಲುತ್ತೆ. ಎದ್ದು ಹೋದವರು ಏನನ್ನು ತಲೆಯಲ್ಲಿಟ್ಟುಕೊಂಡು ಹೋದರು ಅನ್ನೋದು ಅರ್ಧ ಕೆಲಸ.

ಮೊದಲು ಮೂರು ಅಂಕ. ಚಿತ್ರಕಥೆ ಕಲಿಸುತ್ತಿದ್ದ ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಪುಸ್ತಕ ಬರೆದು ಜನಪ್ರಿಯ ಮಾಡಿದ ಲೆಕ್ಕ. 120 ಪುಟ, ಒಂದು ಪುಟಕ್ಕೆ ಒಂದು ನಿಮಿಷ. ಮೊದಲ ಅಂಕ 30, ಎರಡನೆಯದು 60, ಮೂರನೆಯದು 30. ಸುಮಾರು 25ರಿಂದ 27ನೇ ಪುಟದಲ್ಲಿ ಕಥೆಗೆ ಮೊದಲ ದೊಡ್ಡ ತಿರುವು, 85ರಿಂದ 90ರಲ್ಲಿ ಎರಡನೆಯದು. (ನನ್ನ ಕನ್ನಡ ಪುಟ ಓದಿದರೆ ಒಂದೂವರೆ ನಿಮಿಷ ಬರುತ್ತಿತ್ತು. ಅದಕ್ಕೇ ಪುಟ ಬಿಟ್ಟು ನಿಮಿಷ ಎಣಿಸಿದೆ.) ಮಗ ಸಾಲದ ಪತ್ರಕ್ಕೆ ಸಹಿ ಹಾಕುವುದು ಮೊದಲ ತಿರುವು, ತಾತನ ಗುಟ್ಟು ಅವನಿಗೆ ಗೊತ್ತಾಗುವುದು ಎರಡನೆಯದು. ಇಷ್ಟು ಎರಡೇ ದಿನಕ್ಕೆ ಸಿಕ್ಕಿತು. ಕಷ್ಟ ಶುರುವಾಗಿದ್ದು ನಡುವಿನ 60 ನಿಮಿಷದಲ್ಲಿ. ಅಲ್ಲಿ ಮೂರು ಬೋರ್ ಒಂದಾದ ಮೇಲೊಂದು ಫೇಲ್ ಆಗುತ್ತವೆ. ಒನ್ ಲೈನ್ (ಸೀನಿಗೊಂದು ಸಾಲಿನ ಪಟ್ಟಿ) ಬರೆದಾಗ ಏರುತ್ತಾ ಹೋಗುವ ಹಾಗಿತ್ತು. ಓದುವಾಗ ಎರಡನೆಯ ಬೋರೂ ಮೂರನೆಯ ಬೋರೂ ಒಂದೇ ಥರ ಕೇಳಿಸಿದವು. ಎರಡನೆಯದು ಫೇಲ್ ಆದಾಗ ಇಂಟರ್ವಲ್. ಒಬ್ಬರು "ನೀರು ಸಿಗುತ್ತಾ?" ಅಂದರು. ಇನ್ನಿಬ್ಬರು ಟೀ ಕುಡಿದು ಸುಮ್ನೆ ಕೂತರು. ಫೀಲ್ಡ್ ಆಮೇಲೆ ನಡುಮಧ್ಯಕ್ಕೆ ಒಂದು ಮಿಡ್‌ಪಾಯಿಂಟ್ ಸೇರಿಸಿದರು, ನಿಜ. ಆದರೂ ಈ ಅಚ್ಚು ಇಂಟರ್ವಲ್ ಇಲ್ಲದ ಸಿನಿಮಾಕ್ಕೆ ಹುಟ್ಟಿದ್ದು. ಬರೆಯುವಾಗ ಅದು ಗೊತ್ತಾಗಿಬಿಡುತ್ತೆ.

ಎರಡನೆಯದು ಹದಿನೈದು ಬೀಟ್, ಅಂದರೆ ಕಥೆ ದಾಟಲೇಬೇಕಾದ ಹದಿನೈದು ಘಟ್ಟ. ಅಮೆರಿಕದ ಚಿತ್ರಕಥೆಗಾರ ಬ್ಲೇಕ್ ಸ್ನೈಡರ್ 2005ರಲ್ಲಿ ಕೊಟ್ಟಿದ್ದು. ಇದು ತುಂಬಾ ಖಡಕ್. 110 ಪುಟದಲ್ಲಿ 12ನೇ ಪುಟಕ್ಕೆ ಕಥೆ ಹೊತ್ತಿಕೊಳ್ಳಬೇಕು, 25ಕ್ಕೆ ಹೊಸ ದಾರಿ ಹಿಡಿಯಬೇಕು, 55ಕ್ಕೆ ಮಿಡ್‌ಪಾಯಿಂಟ್, 75ಕ್ಕೆ ಎಲ್ಲವೂ ಕೈಬಿಟ್ಟಿತು ಅನ್ನಿಸಬೇಕು. ಇಷ್ಟು ಬಿಗಿಯಾದ ಅಚ್ಚಿಗೆ ಸಸ್ಪೆನ್ಸ್ ಹೊಂದುತ್ತೆ ಅಂತ ಕಥೆಯನ್ನೇ ಆ ಕಡೆ ತಿರುಗಿಸಿದೆ. ಹಿಂದೆ ತಾತ ತೋರಿಸಿದ ಪಾಯಿಂಟ್ ನಂಬಿ ಅವರ ತಮ್ಮ ಬೋರ್ ಹಾಕಿಸಿ, ನೀರು ಬಾರದೆ, ಜಮೀನು ಮಾರಿ ಊರು ಬಿಟ್ಟಿರುತ್ತಾನೆ. ಮೊದಲ ಬರಹದಲ್ಲಿ ನೋಡುವವರಿಗೆ ಇದು ಬೇಗನೇ ಗೊತ್ತಾಗುತ್ತಿತ್ತು. ಈಗ ಮುಚ್ಚಿಟ್ಟೆ. ಫಲ ತಕ್ಷಣ ಕಂಡಿತು. ಇಂಟರ್ವಲ್‌ನಲ್ಲಿ ಮೂವರೂ ಕೇಳಿದ್ದು ಒಂದೇ: "ಅಲ್ಲಾ, ತಾತ ಯಾಕೆ ಆ ಹೊಲಕ್ಕೆ ಹೋಗಲ್ಲ?"

ಆದರೆ ಒಂದು ಸೀನ್ ನನ್ನ ಕೈ ತಪ್ಪಿತು. ರಾತ್ರಿ ಹೊತ್ತು ರಿಗ್ ಗಾಡಿ ಕೊರೆಯುತ್ತಿದೆ. ಕಂಪ್ರೆಸರ್ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸದು. ಎಲ್ಲರ ತಲೆ ಮೇಲೂ ಬಿಳಿ ಪುಡಿ. ಪುಡಿ ಒಣಗಿಯೇ ಬರುತ್ತಿದೆ. ತಾತ ದೂರದ ಬದುವಿನ ಮೇಲೆ ಕೂತು ಬೆರಳಲ್ಲಿ ರಾಡ್ ಎಣಿಸುತ್ತಿದ್ದಾರೆ. ಒಂದು ರಾಡ್ 20 ಅಡಿ. 50 ರಾಡ್ ಇಳಿದರೆ 1000 ಅಡಿ. ಐವತ್ತಕ್ಕೆ ಅವರ ಬೆರಳು ನಿಲ್ಲುತ್ತೆ. ತಮ್ಮನ ಕಥೆ ಗೊತ್ತಿದ್ದವರಿಗೆ ಇಲ್ಲಿ ಗಂಟಲು ಕಟ್ಟುತ್ತೆ. ಮೊದಲ ಓದಿನಲ್ಲಿ ಹಾಗೇ ಆಗಿತ್ತು. ಸಸ್ಪೆನ್ಸ್ ಓದಿನಲ್ಲಿ ಅದೇ ಸೀನ್, ಅದೇ ಸಾಲು, ಒಂದಕ್ಷರ ಬದಲಿಸಿರಲಿಲ್ಲ. ಕೇಳಿದವರಿಗೆ ತಾತನ ಮೇಲೆ ಅನುಮಾನ ಬಂತು. "ಇವರೇ ಏನೋ ಮಾಡಿದಾರೆ" ಅಂದರು. ನನ್ನ ತಾತ ಬಿಡಿಸಬೇಕಾದ ಒಗಟಾಗಿಬಿಟ್ಟಿದ್ದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಅಚ್ಚುಗಳನ್ನು ಹೋಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಆದರೆ ಸೀನನ್ನು ಬದಲಿಸಿದ್ದು ಅಚ್ಚಲ್ಲ, ಜಾನರ್, ಅಂದರೆ ಕಥೆಯ ಬಗೆ. ಯಾವ ವಿಷಯ ನೋಡುವವರಿಗೆ ಯಾವಾಗ ಗೊತ್ತಾಗಬೇಕು ಅನ್ನೋದನ್ನು ಜಾನರ್ ಹೇಳುತ್ತೆ. ಸಸ್ಪೆನ್ಸ್‌ನಲ್ಲಿ ಅವರಿಗೆ ತಡವಾಗಿ ಗೊತ್ತಾಗಬೇಕು. ಸಂಸಾರದ ಕಥೆಯಲ್ಲಿ ಪಾತ್ರಗಳಿಗಿಂತ ಮೊದಲೇ ಗೊತ್ತಾಗಬೇಕು. ಇದನ್ನು ತೀರ್ಮಾನಿಸದೆ ಸೀನ್ ಬರೆಯುವ ಕಾರ್ಡ್ ಹಿಡಿದು ಕೂತರೆ ಯಾವ ಅಚ್ಚೂ ಕೈ ಹಿಡಿಯಲ್ಲ.

ನಡುವೆ ಹೀರೋನ ಪಯಣದ ಮಾದರಿಯನ್ನೂ ಹತ್ತು ದಿನ ನೋಡಿದೆ. ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಪುರಾಣಗಳಿಂದ ಹೆಕ್ಕಿದ್ದು. ಮನೆ ಬಿಟ್ಟು ಹೊರಟು, ಗೆದ್ದು, ಮರಳುವವನ ದಾರಿ ಅದು. ನನ್ನ ತಾತ ಊರು ದಾಟುವವರಲ್ಲ. ಬಿಟ್ಟೆ.

ಮೂರನೆಯದು ಎಂಟು ಸೀಕ್ವೆನ್ಸ್. ಇದರ ಬೇರು ರೀಲಿನಲ್ಲಿದೆ. 1000 ಅಡಿಯ 35 ಎಂಎಂ ರೀಲು ಸುಮಾರು 11 ನಿಮಿಷ ಓಡುತ್ತೆ. ಹಳೆಯ ಕಾಲದಲ್ಲಿ ರೀಲು ಮುಗಿಯುವ ಹೊತ್ತಿಗೆ ಕಥೆಯ ಒಂದು ತುಂಡೂ ಮುಗಿಯಬೇಕಿತ್ತು. ಅಮೆರಿಕದ ಫಿಲ್ಮ್ ಶಾಲೆಗಳಲ್ಲಿ ಫ್ರಾಂಕ್ ಡೇನಿಯಲ್ ಇದನ್ನೇ ಪಾಠ ಮಾಡಿದರು. ಪಾಲ್ ಗುಲಿನೋ 2004ರಲ್ಲಿ ಪುಸ್ತಕ ಮಾಡಿದರು. ಒಂದೊಂದು ಸೀಕ್ವೆನ್ಸೂ 10ರಿಂದ 15 ನಿಮಿಷ. ಅದಕ್ಕೊಂದು ಸ್ವಂತ ಪ್ರಶ್ನೆ. ಸಿಗುವ ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟಬೇಕು.

ನನ್ನ ಕಥೆ 130 ನಿಮಿಷ. ಎಂಟಕ್ಕೆ ಹಂಚಿದರೆ ಒಂದೊಂದು 16 ನಿಮಿಷ ದಾಟುತ್ತೆ, ಉದ್ದ ಆಯ್ತು. ಮೊದಲರ್ಧಕ್ಕೆ ಐದು, ಎರಡನೆಯ ಅರ್ಧಕ್ಕೆ ನಾಲ್ಕು ಮಾಡಿದೆ. ಗೋಡೆಗೆ ಒಂಬತ್ತು ಚಾರ್ಟ್ ಶೀಟ್ ಅಂಟಿಸಿ, ಪ್ರತಿಯೊಂದರ ಮೇಲೂ ಪ್ರಶ್ನೆಯನ್ನಷ್ಟೇ ಬರೆದೆ. ಮೂರು ಬೋರ್‌ಗಳು ಇಲ್ಲಿ ಬೇರೆಬೇರೆಯಾದವು. ಮೊದಲನೆಯದಕ್ಕೆ "ನೀರು ಬರುತ್ತಾ?". ಎರಡನೆಯದಕ್ಕೆ "ಅಜ್ಜಿ ಸರ ಬಿಚ್ಚಿ ಕೊಡ್ತಾರಾ?". ಮೂರನೆಯದಕ್ಕೆ "ತಾತ ಬಾಯಿ ಬಿಡ್ತಾರಾ?". ಮೂರರಲ್ಲೂ ಅದೇ ರಿಗ್ಗು, ಅದೇ ಪುಡಿ. ಆದರೂ ಒಂದರಂತೆ ಇನ್ನೊಂದು ಇಲ್ಲ.

ಗುಟ್ಟನ್ನು ಐದನೆಯ ಸೀಕ್ವೆನ್ಸ್ ಕೊನೆಗೆ, ಇಂಟರ್ವಲ್ ಬ್ಲಾಕ್‌ಗೆ ತಂದೆ. ನೋಡುವವರಿಗೆ ಮಾತ್ರ ತಿಳಿಯುತ್ತೆ, ಮಗನಿಗೆ ಇಲ್ಲ. ಫಸ್ಟ್ ಹಾಫ್ ಸಸ್ಪೆನ್ಸ್, ಸೆಕೆಂಡ್ ಹಾಫ್ ಸಂಸಾರ. ಟೀ ಲೋಟ ಹಿಡಿಯುವ ಮೊದಲೇ ಒಬ್ಬರು ಕೇಳಿದರು: "ಮಗನಿಗೆ ಗೊತ್ತಾದ್ರೆ ಏನ್ ಗತಿ?" ಉಳಿದಿಬ್ಬರೂ ಹೌದು ಅಂದರು.

ಹಾಗಂತ ಇದಕ್ಕೂ ದೋಷ ಇದೆ. ತುಂಡು ತುಂಡಾಗಿ ಬರೆಯುವಾಗ ಬೆಸುಗೆ ಕಾಣಿಸುತ್ತೆ, ಧಾರಾವಾಹಿ ಎಪಿಸೋಡ್ ಥರ ಅನ್ನಿಸುತ್ತೆ. ಇಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ನಮ್ಮ ಹಳೆಯ ನಾಟಕಶಾಸ್ತ್ರದ ಒಂದು ಮಾತು: ಬಿಂದು. ಹತ್ತನೆಯ ಶತಮಾನದ ಧನಂಜಯ ದಶರೂಪಕದಲ್ಲಿ ಹೇಳುತ್ತಾನೆ, ನಡುವೆ ಬೇರೆ ಸಂಗತಿ ಬಂದು ಕಥೆ ಕಡಿದುಹೋಗುವಾಗ ಅದನ್ನು ಕಡಿಯದಂತೆ ಮುಂದುವರಿಸುವುದೇ ಬಿಂದು. ನಮ್ಮ ಇಂಟರ್ವಲ್‌ಗೆ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ. ಸೆಕೆಂಡ್ ಹಾಫ್‌ನ ಮೊದಲ ಸೀನಿನಲ್ಲಿ ಅಜ್ಜಿ ತಾತನ ಆ ತೆಂಗಿನಕಾಯಿಯನ್ನೇ ಒಡೆದು ತುರಿಯಲು ಕೂರುತ್ತಾರೆ. ತಾತ ಬಾಗಿಲಲ್ಲಿ ನಿಂತು ನೋಡುತ್ತಾರೆ. ಮಾತಿಲ್ಲ, ತುರಿಯುವ ಸದ್ದಷ್ಟೇ. ತಡವಾಗಿ ಬಂದು ಕೂತವರಿಗೂ ಕಥೆ ಎಲ್ಲಿತ್ತು ಅಂತ ತಿಳಿಯುತ್ತೆ.

ಹೊಸದಾಗಿ ಬರೆಯುವವರು ಕೇಳಿದರೆ ಸೀಕ್ವೆನ್ಸ್‌ನಲ್ಲಿ ಬರೆಯಿರಿ ಅನ್ನುತ್ತೇನೆ. ಮೂರು ಅಂಕವನ್ನು ನಾನು ಬಿಟ್ಟಿಲ್ಲ. ಬರೆದು ಮುಗಿಸಿದ ಮೇಲೆ ಎಲ್ಲಿ ಲ್ಯಾಗ್ ಆಗ್ತಿದೆ ಅಂತ ಹುಡುಕಲು ಅದರಷ್ಟು ಸುಲಭದ್ದು ಬೇರೆ ಇಲ್ಲ. ಅಪ್ಪಟ ಸಸ್ಪೆನ್ಸ್ ಆದರೆ ಹದಿನೈದು ಬೀಟ್ ಧೈರ್ಯವಾಗಿ ಹಿಡಿಯಬಹುದು. ಅದರಲ್ಲಿ 5ನೇ ಪುಟಕ್ಕೆ ಯಾರ ಬಾಯಲ್ಲಾದರೂ ಕಥೆಯ ತಿರುಳು ಹೇಳಿಸಬೇಕು ಅಂತಿದೆ. ಅದನ್ನು ಮಾತ್ರ ನಾನು ಮಾಡಲಾರೆ. ನಮ್ಮ ಹಳ್ಳಿಯ ಅಂಗಡಿಯವರು ಹಾಗೆ ಮಾತಾಡಲ್ಲ.

ಏಳನೆಯ ಶೀಟ್ ಇನ್ನೂ ಸರಿಹೋಗಿಲ್ಲ. ಅದರ ಮೇಲಿರುವ ಪ್ರಶ್ನೆ "ತಮ್ಮ ವಾಪಸ್ ಬರ್ತಾನಾ?". ಬರುತ್ತಾನೆ ಅಂತ ಎಲ್ಲರಿಗೂ ಮೊದಲೇ ಗೊತ್ತಾಗುತ್ತಿದೆ. ಮುಂದಿನ ಭಾನುವಾರ ಹೊಸ ಮೂವರು ಬರುತ್ತಾರೆ. ಅಷ್ಟರೊಳಗೆ ಅಲ್ಲಿಗೆ ಬೇರೆ ಪ್ರಶ್ನೆ ಹುಡುಕಬೇಕು.