ಹತ್ತನೇ ಮುಗಿಸಿದ ಮಕ್ಕಳಿಗೆ ಟ್ಯಾಲಿಯೋ, ಸಿಸಿಸಿಯೋ, ಟೈಪಿಂಗೋ? ಇಳಕಲ್‌ನಿಂದ ಒಂದು ಹೋಲಿಕೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವುದೇ ತಡ, ನಮ್ಮ ಇಳಕಲ್‌ನಲ್ಲಿ ಕಂಪ್ಯೂಟರ್ ಕ್ಲಾಸಿನ ಬ್ಯಾನರ್‌ಗಳು ಕಾಣಿಸಿಕೊಳ್ಳುತ್ತವೆ. ಟ್ಯಾಲಿ (ಅಂಗಡಿ ಲೆಕ್ಕ ಇಡುವ ಸಾಫ್ಟ್‌ವೇರ್) ವಿತ್ ಜಿಎಸ್‌ಟಿ, ಬೇಸಿಕ್, ಡಿಸಿಎ ಅನ್ನುವ ಕಂಪ್ಯೂಟರ್ ಡಿಪ್ಲೊಮಾ, ಟೈಪಿಂಗ್. ನಾನು ಸೀರೆ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ಪರಿಚಯದವರು ದಾರಿಯಲ್ಲಿ ಸಿಕ್ಕರೆ ಸಾಕು, "ಹುಡುಗನ್ನ ಯಾವ ಕ್ಲಾಸಿಗೆ ಹಚ್ಚೋಣ್ರಿ?" ಅಂತ ನಿಲ್ಲಿಸಿ ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಗಳು ಮತ್ತು ಅಣ್ಣನ ಮಗ ಸೇರಿ ಇವುಗಳಲ್ಲಿ ಬಹುತೇಕ ಎಲ್ಲವನ್ನೂ ಮಾಡಿ ನೋಡಿದ್ದಾರೆ. ಸಂಜೆ ಅಂಗಡಿಯಿಂದ ಬಂದ ಮೇಲೆ ಅವರ ಪಕ್ಕ ನಾನೂ ಕೂತಿದ್ದೇನೆ. ಅದರ ಮೇಲಿಂದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಹತ್ತನೇ ಮುಗಿದ ಕೂಡಲೇ ಟ್ಯಾಲಿಗೆ ದುಡ್ಡು ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ಟ್ಯಾಲಿಯ ಮುಂದೆ ಕೂರುವವನೇ ಹೀಗೆ ಅಂತಾನಲ್ಲ ಅನ್ನಬೇಡಿ. ಕೂರುವವನಾಗಿಯೇ ಹೇಳುತ್ತಿದ್ದೇನೆ.

ಮಗಳು ರಜೆಯಲ್ಲಿ ಟ್ಯಾಲಿ ಕ್ಲಾಸಿಗೆ ಹೋದಳು. ಫೀ ನಾಲ್ಕೈದು ಸಾವಿರ. ಕ್ಲಾಸ್ ಕೆಟ್ಟದ್ದೇನಲ್ಲ, ಸರ್ ದಿನಾ ಬರುತ್ತಿದ್ದರು, ಕಂಪ್ಯೂಟರ್ ನಡೆಯುತ್ತಿದ್ದವು. ಕಲಿಸುವ ಕ್ರಮ ಮಾತ್ರ ಹೀಗೆ: ಎಫ್5 ಅಂದರೆ ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಪುಸ್ತಕದಲ್ಲಿ ಕೊಟ್ಟ ಕಂಪನಿಯ ಲೆಕ್ಕ ಹಾಕು, ಎಂಟರ್ ಒತ್ತು, ಬ್ಯಾಲೆನ್ಸ್ ಶೀಟ್ ತಾನೇ ಬರುತ್ತದೆ. ಬಂದೂ ಬಂತು. ಮಗಳಿಗೂ ಖುಷಿ, ನಮಗೂ ಖುಷಿ.

ಆಮೇಲೆ ಒಂದು ಭಾನುವಾರ ನಮ್ಮ ಅಂಗಡಿಯ ಒಂದು ದಿನದ ಕಿರ್ದಿ ಬರೆದುಕೊಟ್ಟು, ಇದನ್ನು ಹಾಕಿ ತೋರಿಸು ಅಂದೆ. ಕಷ್ಟದ್ದೇನಿಲ್ಲ. ಒಂದಿಷ್ಟು ನಗದು ಮಾರಾಟ, ಸೊಲ್ಲಾಪುರದ ಅಂಗಡಿಗೆ ಉದರಿ ಮೇಲೆ ಹತ್ತು ಸೀರೆ, ಟೆಂಪೋ ಬಾಡಿಗೆ, ಸಂಜೆ ಗಲ್ಲೆಯ ದುಡ್ಡು ಬ್ಯಾಂಕಿಗೆ ಕಟ್ಟಿದ್ದು. ಬ್ಯಾಂಕಿಗೆ ಕಟ್ಟಿದ್ದನ್ನು ಅವಳು ಎಫ್5ರಲ್ಲಿ ಪೇಮೆಂಟ್ ಅಂತ ಹಾಕಿದಳು. ದುಡ್ಡು ಗಲ್ಲೆಯಿಂದ ಹೋಯಿತಲ್ಲ, ಅದಕ್ಕೆ. ನಮ್ಮದೇ ದುಡ್ಡು ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋದರೆ ಅದು ಕಾಂಟ್ರಾ, ಎಫ್4. ಕಾಂಟ್ರಾ ಎಂಬ ಹೆಸರು ಅವಳಿಗೆ ಗೊತ್ತಿತ್ತು. ಯಾವಾಗ ಬೇಕು ಅನ್ನುವುದು ಗೊತ್ತಿರಲಿಲ್ಲ.

ಸೊಲ್ಲಾಪುರದ ಬಿಲ್ಲಿನಲ್ಲಿ ಇನ್ನೂ ಮಜಾ ಆಯಿತು. ಒಂದೊಂದು ಸೀರೆ 1,200 ರೂಪಾಯಿ, ಹತ್ತಕ್ಕೆ 12,000. ಸೀರೆಗೆ ಜಿಎಸ್‌ಟಿ ಶೇಕಡಾ 5, ಅಂದರೆ 600. ಅವಳು ಕೇಂದ್ರದ ಪಾಲು 300 ಸಿಜಿಎಸ್‌ಟಿ, ರಾಜ್ಯದ ಪಾಲು 300 ಎಸ್‌ಜಿಎಸ್‌ಟಿ ಅಂತ ಒಡೆದಳು. ನಮ್ಮದೇ ರಾಜ್ಯದ ಹುನಗುಂದದ ಅಂಗಡಿಗಾದರೆ ಅದು ಸರಿ. ಸೊಲ್ಲಾಪುರ ಮಹಾರಾಷ್ಟ್ರ, ಅಲ್ಲಿಗೆ ಪೂರ್ತಿ 600 ಐಜಿಎಸ್‌ಟಿ, ಅಂದರೆ ಬೇರೆ ರಾಜ್ಯಕ್ಕೆ ಮಾರಿದ್ದರ ತೆರಿಗೆ. ಪಾರ್ಟಿಯ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡು ಅಂದೆ. 29 ಇದ್ದರೆ ಕರ್ನಾಟಕ, 27 ಇದ್ದರೆ ಮಹಾರಾಷ್ಟ್ರ. "ಅಪ್ಪಾ, ಪುಸ್ತಕದಾಗ ಎಲ್ಲಾ ಪಾರ್ಟಿ ಬೆಂಗಳೂರಿನವರ ಇದ್ರು" ಅಂದಳು. ಇಳಕಲ್ ಸೀರೆಯ ದೊಡ್ಡ ಗಿರಾಕಿಗಳೇ ಮಹಾರಾಷ್ಟ್ರದವರು. ನಮ್ಮೂರಲ್ಲಿ ಟ್ಯಾಲಿ ಕಲಿಸುವವರು ಇದೊಂದನ್ನಾದರೂ ಹೇಳಿಕೊಡಬೇಕಿತ್ತು.

ಇದರಲ್ಲಿ ಹುಡುಗಿಯ ದೋಷವಿಲ್ಲ, ಟ್ಯಾಲಿಯದ್ದೂ ಇಲ್ಲ. ಡೆಬಿಟ್, ಕ್ರೆಡಿಟ್ ಏನು ಅಂತಲೇ ಗೊತ್ತಿಲ್ಲದ ವಯಸ್ಸಿನಲ್ಲಿ ಕೀ ಒತ್ತುವುದನ್ನು ಕಲಿಸಿದರೆ ಕೀ ಮಾತ್ರ ನೆನಪಿರುತ್ತದೆ. ಮುಂದೆ ಅವಳು ಪಿಯುಸಿಯಲ್ಲಿ ಕಾಮರ್ಸ್ ತಗೊಂಡಳು, ಕಂಪ್ಯೂಟರ್ ಸೈನ್ಸ್ ಇರುವ ಸಿಇಬಿಎ ಕಾಂಬಿನೇಷನ್. ಅಕೌಂಟೆನ್ಸಿಯಲ್ಲಿ ಜರ್ನಲ್, ಲೆಡ್ಜರ್ ಕೈಯಿಂದ ಬರೆದು ರೂಢಿಯಾದ ಮೇಲೆ ಅದೇ ಟ್ಯಾಲಿ ಸರಾಗವಾಗಿ ಅರ್ಥವಾಯಿತು. ಆಗ ಕ್ಲಾಸಿಗೆ ಹೋಗುವ ಅಗತ್ಯವೂ ಬೀಳಲಿಲ್ಲ. ಟ್ಯಾಲಿಪ್ರೈಮ್ ಅನ್ನು ಎಜುಕೇಶನಲ್ ಮೋಡ್‌ನಲ್ಲಿ ದುಡ್ಡಿಲ್ಲದೆ ಹಾಕಿಕೊಳ್ಳಬಹುದು. ಒಂದೇ ತಕರಾರು, ಅದರಲ್ಲಿ ತಿಂಗಳ 1, 2 ಮತ್ತು ಕೊನೆಯ ದಿನದ ತಾರೀಖಿಗೆ ಮಾತ್ರ ವೋಚರ್ (ವ್ಯವಹಾರದ ನಮೂದು) ಹಾಕಲು ಬರುತ್ತದೆ. 14ನೇ ತಾರೀಖಿನ ಬಿಲ್ ಕೊಟ್ಟರೆ ತಗೊಳ್ಳುವುದಿಲ್ಲ. ಕಲಿಯಲಿಕ್ಕೆ ಅಷ್ಟು ಸಾಕು.

ಅಣ್ಣನ ಮಗನದ್ದು ಬೇರೆ ದಾರಿ. ಅವನು ಓದಿದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್, ಅಂದರೆ ವೃತ್ತಿ ಕೌಶಲದ ವಿಷಯ ಇತ್ತು. ಮೂರನೇ ಭಾಷೆಯ ಬದಲು ಅದನ್ನು ತಗೊಳ್ಳಬಹುದು. ಕೆಲವು ಶಾಲೆಗಳಲ್ಲಿ ಐಟಿ, ಕೆಲವು ಕಡೆ ರೀಟೇಲ್, ಹೀಗೆ. ಅವನದು ಐಟಿ. ಪಠ್ಯ ಚೆನ್ನಾಗಿದೆ. ಲ್ಯಾಬಿನ ಬ್ಯಾಟರಿ ಮಾತ್ರ ಕೈಕೊಟ್ಟು, ಕರೆಂಟ್ ಹೋದ ದಿನ ಮಕ್ಕಳು ಪುಸ್ತಕದಲ್ಲೇ ಎಂಎಸ್ ವರ್ಡ್ ಓದುತ್ತಿದ್ದರು. ಶಾಲೆಯಲ್ಲಿ ಈ ವಿಷಯ ಇದ್ದರೆ ತಗೊಳ್ಳಿ, ಖರ್ಚಿಲ್ಲ, ಅಂಕವೂ ಬರುತ್ತದೆ. ಅಷ್ಟರಿಂದಲೇ ಕಂಪ್ಯೂಟರ್ ಬಂತು ಅಂದುಕೊಳ್ಳಬೇಡಿ.

ಹತ್ತನೇ ಆದ ಮೇಲೆ ಅವನು ಸಿಸಿಸಿ, ಅಂದರೆ ಕೋರ್ಸ್ ಆನ್ ಕಂಪ್ಯೂಟರ್ ಕಾನ್ಸೆಪ್ಟ್ಸ್ ಕಟ್ಟಿದ. ಇದು ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆಯ ಪರೀಕ್ಷೆ. ಪಠ್ಯಕ್ರಮ 80 ಗಂಟೆಯದು, ಅದರಲ್ಲಿ ಪ್ರಾಕ್ಟಿಕಲ್ಲೇ ಹೆಚ್ಚು. ಇಂಥದ್ದೇ ಕ್ಲಾಸಿಗೆ ಹೋಗಿರಬೇಕು ಅಂತಿಲ್ಲ, ಮನೆಯಲ್ಲಿ ಓದಿ ನೇರವಾಗಿ ಬರೆಯಬಹುದು. ಫೀ 500, ಜಿಎಸ್‌ಟಿ ಸೇರಿ 590. ಕಂಪ್ಯೂಟರ್ ಮೇಲೆಯೇ 90 ನಿಮಿಷದಲ್ಲಿ 100 ಪ್ರಶ್ನೆ, 50 ಬಂದರೆ ಪಾಸ್, 85 ಅಥವಾ ಹೆಚ್ಚು ಬಂದರೆ ಎಸ್ ಗ್ರೇಡ್.

ಸಿಸಿಸಿಯಲ್ಲಿ ನನಗೆ ಹಿಡಿಸಿದ್ದು ದುಡ್ಡಿನ ವ್ಯವಹಾರದ ಪಾಠ. ಯುಪಿಐ, ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ಎನ್‌ಇಎಫ್‌ಟಿ, ಆರ್‌ಟಿಜಿಎಸ್, ಒಟಿಪಿ ಯಾರಿಗೂ ಹೇಳಬಾರದು ಅನ್ನುವುದು, ಎಲ್ಲ ಅದರಲ್ಲಿದೆ. ಆರ್‌ಟಿಜಿಎಸ್‌ನಲ್ಲಿ 2 ಲಕ್ಷಕ್ಕಿಂತ ಕಡಿಮೆ ಕಳಿಸಲು ಬರುವುದಿಲ್ಲ ಅಂತ ಹದಿನಾರರ ಹುಡುಗ ಊಟಕ್ಕೆ ಕೂತಾಗ ಅವರಪ್ಪನಿಗೆ ಹೇಳಿದ. ಅಣ್ಣ ಬ್ಯಾಂಕಿನಲ್ಲಿ ಇನ್ನೂ ಚೀಟಿ ಬೇರೆಯವರ ಕೈಯಲ್ಲಿ ತುಂಬಿಸುವವನು, ಸುಮ್ನೆ ನೋಡಿದ.

ಹಿಡಿಸದ್ದೂ ಇದೆ. ಪ್ರಶ್ನೆಗಳೆಲ್ಲ ಗುರುತು ಹಾಕುವಂಥವು. ಕ್ಯಾಲ್ಕ್ (ಎಕ್ಸೆಲ್‌ನಂಥ ಲೆಕ್ಕದ ಶೀಟ್) ಫೈಲಿನ ಎಕ್ಸ್‌ಟೆನ್ಷನ್ ಯಾವುದು, ಈ ಶಾರ್ಟ್‌ಕಟ್ ಏನು ಮಾಡುತ್ತದೆ, ಇಂಥವು. ಹಳೇ ಪ್ರಶ್ನೆ ಬಾಯಿಪಾಠ ಮಾಡಿ, ಒಂದು ಪತ್ರವನ್ನೂ ಟೈಪ್ ಮಾಡಲಾರದವರು ಪಾಸಾಗಬಹುದು. ಪಠ್ಯ ಈ ಕ್ಯಾಲ್ಕ್ ಇರುವ ಉಚಿತ ಲಿಬ್ರೆಆಫೀಸ್ ಮೇಲಿದೆ, ಶಾಲೆಯಲ್ಲಿ ಎಕ್ಸೆಲ್ ಕಲಿತವರಿಗೆ ಮೊದಮೊದಲು ಮೆನು ಎಲ್ಲಿದೆ ಅಂತ ಹುಡುಕಾಟ. ಪರೀಕ್ಷೆಗೆ ಬೇರೆ ಊರಿಗೂ ಹೋಗಬೇಕಾಯಿತು. ಆದರೂ 590 ರೂಪಾಯಿಗೆ ಸರ್ಕಾರಿ ಪ್ರಮಾಣಪತ್ರ, ಜೊತೆಗೆ ಹುಡುಗನಿಗೆ ಓದಲು ಒಂದು ಗಡುವು. ರಜೆಯಲ್ಲಿ ಗಡುವು ಇಲ್ಲದಿದ್ದರೆ ಮಕ್ಕಳು ಕೂರುವುದಿಲ್ಲ, ಅಲ್ವಾ?

ಪರೀಕ್ಷೆಗೆ ಅವನು ಓದಿದ್ದು ಹೆಚ್ಚಾಗಿ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಿಂದ. ಇದರ ಬಗ್ಗೆ ನಮ್ಮ ಕಡೆ ಯಾಕೋ ಯಾರೂ ಮಾತಾಡುವುದಿಲ್ಲ. ಪೂರ್ತಿ ಉಚಿತ. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು, ಲಿಬ್ರೆಆಫೀಸ್ ಪಾಠಗಳು ಕನ್ನಡದಲ್ಲೇ ಇವೆ. ಅರ್ಧ ಪರದೆಯಲ್ಲಿ ವಿಡಿಯೋ, ಇನ್ನರ್ಧದಲ್ಲಿ ನಮ್ಮ ಫೈಲ್. ಒಂದಿಷ್ಟು ನೋಡು, ನಿಲ್ಲಿಸು, ಅಷ್ಟನ್ನೇ ನೀನು ಮಾಡು, ಮತ್ತೆ ಮುಂದೆ ಹೋಗು. ವಿಡಿಯೋ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ನಡೆಯುತ್ತದೆ.

ಇದರಿಂದ ಬಂದ ಲಾಭ ಕಣ್ಣಿಗೆ ಕಂಡಿತು. ನಮ್ಮ ಸಾವ್ಕಾರ್ರು ನೇಕಾರರ ಮಜೂರಿಯನ್ನು ಈಗಲೂ ಉದ್ದ ಬುಕ್ಕಿನಲ್ಲಿ ಬರೆಸುತ್ತಾರೆ. ಹುಡುಗ ಅದನ್ನೇ ಕ್ಯಾಲ್ಕ್‌ಗೆ ಇಳಿಸಿದ. ಒಂದು ಸಾಲಿಗೆ ಒಬ್ಬ ನೇಕಾರ: ಹೆಸರು, ಕೊಟ್ಟ ಸೀರೆ, ಒಂದಕ್ಕೆ ಮಜೂರಿ, ತಗೊಂಡ ಮುಂಗಡ, ಕೊಡಬೇಕಾದ್ದು. ಮೊದಲ ಸಲ ಮಜೂರಿ ದರವನ್ನು ಮೇಲೆ ಶೀಟಿನ ಒಂದೇ ಮನೆಯಲ್ಲಿ (ಸೆಲ್) ಬರೆದು ಸೂತ್ರವನ್ನು ಕೆಳಗೆ ಎಳೆದ. ಮೊದಲ ಸಾಲು ಸರಿ, ಎರಡನೆಯದರಿಂದ ಎಲ್ಲ ಸೊನ್ನೆ, ಮುಂಗಡ ತಗೊಂಡವರ ಮುಂದೆ ಮೈನಸ್. ಸೂತ್ರ ಕೆಳಗಿಳಿದಂತೆ ದರದ ಮನೆಯೂ ಕೆಳಗಿಳಿದು ಖಾಲಿ ಮನೆಗೆ ಹೋಗಿತ್ತು. ಮನೆಯ ಹೆಸರಿಗೆ ಡಾಲರ್ ಚಿಹ್ನೆ ಹಚ್ಚಿ ಅದನ್ನು ಅಲ್ಲೇ ಕಟ್ಟಿಹಾಕಬೇಕು ಅನ್ನುವುದನ್ನು ಅವನು ಆ ಪಾಠಕ್ಕೆ ವಾಪಸ್ ಹೋಗಿ ತಾನೇ ಹುಡುಕಿದ. ಇನ್ನು ಜನ್ಮದಲ್ಲಿ ಮರೆಯುವುದಿಲ್ಲ. ಬುಕ್ಕಿನ ಮೊತ್ತಕ್ಕೂ ಅವನ ಶೀಟಿನ ಮೊತ್ತಕ್ಕೂ ತಾಳೆಯಾದಾಗ ಸಾವ್ಕಾರ್ರು ಎರಡು ಸಲ ಕೂಡಿಸಿ ನೋಡಿದರು.

ಕೊರತೆ ಅಂದರೆ ಇಲ್ಲಿ ಯಾರೂ ಬೆನ್ನು ಹತ್ತುವುದಿಲ್ಲ. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತರೆ ಮಾತ್ರ ಮುಂದೆ ಸಾಗುತ್ತದೆ. ಮಗಳಿಗೂ ಇದೇ ಪಾಠ ಹಚ್ಚಿಕೊಟ್ಟಿದ್ದೆ, ನಾನು ದೀಪಾವಳಿ ಸೀಸನ್ನಿನಲ್ಲಿ ಅಂಗಡಿಯಲ್ಲೇ ಉಳಿದೆ, ಅಲ್ಲಿಗೆ ಅದು ನಿಂತಿತು. ಮನೆಯಲ್ಲಿ ಕೂತು ನೋಡಿದ್ದಕ್ಕೆ ಪ್ರಮಾಣಪತ್ರವೂ ಕೈಗೆ ಬರಲಿಲ್ಲ.

ಇನ್ನು ಟೈಪಿಂಗ್. ಇದನ್ನು ಕೇಳಿದರೆ ಈಗಿನ ಮಕ್ಕಳು ನಗುತ್ತಾರೆ. ನನ್ನ ಲೆಕ್ಕದಲ್ಲಿ ಮಾತ್ರ ಮೊದಲ ನಂಬರ್ ಇದಕ್ಕೇ. ತೋರುಬೆರಳಿನ ಕೆಳಗೆ ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಗೀಟು ಸಿಗುತ್ತದಲ್ಲ, ಅಲ್ಲಿ ಬೆರಳಿಟ್ಟು ಎ, ಎಸ್, ಡಿ, ಎಫ್ ಅಂತ ದಿನವೂ ಹೊಡೆಯುವುದು. ಬೇಸರದ ಕೆಲಸ. ಆದರೆ ಕೀಬೋರ್ಡ್ ನೋಡದೆ ಹೊಡೆಯಲು ಬಂದವರು ಟ್ಯಾಲಿಯಲ್ಲೂ ಕ್ಯಾಲ್ಕ್‌ನಲ್ಲೂ ಬೇಗ ಕಲಿಯುತ್ತಾರೆ, ಕಣ್ಣು ಪರದೆಯ ಮೇಲೆ ಇರುತ್ತದೆ. ಪರೀಕ್ಷಾ ಮಂಡಳಿಯ ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆಗಳಿವೆ, ಸರ್ಕಾರಿ ಬೆರಳಚ್ಚುಗಾರರ ಹುದ್ದೆಗೆ ಆ ಪ್ರಮಾಣಪತ್ರ ಕೆಲಸಕ್ಕೆ ಬರುತ್ತದೆ.

ಕನ್ನಡ ಟೈಪಿಂಗ್ ಕೂಡ ಜೊತೆಗೇ ಕಲಿಸಿ. ಕನ್ನಡ ಹೊಡೆಯುವ ನುಡಿ ಸಾಫ್ಟ್‌ವೇರಿನ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು, ಬಲು ಸುಲಭ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. 'ಕಲ್ಲು' ಬೇಕೆಂದರೆ ಕೆ, ಎಲ್, ಎಫ್, ಎಲ್, ಯು. ಮಗಳು ಒಂದೇ ಸಂಜೆಯಲ್ಲಿ ತನ್ನ ಹೆಸರು, ಊರು ಹೊಡೆದಳು. ಯೂನಿಕೋಡ್‌ನಲ್ಲಿ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರದಲ್ಲಿ, ಹೊಡೆಯುವ ರೂಢಿ ಮೊದಲಿಂದಲೇ ಮಾಡಿಸಿ. ಹಳೇ ನುಡಿ ಫಾಂಟಿನಲ್ಲಿ ಹೊಡೆದದ್ದನ್ನು ವಾಟ್ಸಾಪಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಬರುತ್ತದೆ. ನಮ್ಮ ಊರಿನಲ್ಲಿ ಪತ್ರ, ಅರ್ಜಿ, ಲಗ್ನಪತ್ರಿಕೆ ಕನ್ನಡದಲ್ಲಿ ಸರಿಯಾಗಿ ಹೊಡೆದುಕೊಡುವವರಿಗೆ ಕೆಲಸದ ಕೊರತೆ ನಾನಂತೂ ಕಂಡಿಲ್ಲ. ಟ್ಯಾಲಿ ಕಲಿತು ಖಾಲಿ ಕೂತವರನ್ನು ಕಂಡಿದ್ದೇನೆ.

ಹಾಗಾಗಿ ಕೇಳಿದವರಿಗೆ ನಾನು ಹೇಳುವ ಕ್ರಮ ಇದು. ರಜೆಯಲ್ಲಿ ಟೈಪಿಂಗ್, ಎರಡೂ ಭಾಷೆಯಲ್ಲಿ. ಅದರ ಜೊತೆ ಸಂಜೆ ಹೊತ್ತು ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕ್ಯಾಲ್ಕ್, ಮನೆಯ ಅಥವಾ ಅಂಗಡಿಯ ನಿಜವಾದ ಲೆಕ್ಕದ ಮೇಲೆ. ಹುಡುಗ ಗಡುವು ಇಲ್ಲದೆ ಕೂರದವನಾದರೆ ಸಿಸಿಸಿ ಕಟ್ಟಿಸಿ. ಟ್ಯಾಲಿ ಪಿಯುಸಿ ಕಾಮರ್ಸ್ ಮೊದಲ ವರ್ಷ ಅರ್ಧ ಆದ ಮೇಲೆ. ಸೈನ್ಸ್ ಅಥವಾ ಐಟಿಐಗೆ ಹೋಗುವವರಿಗೆ ಟ್ಯಾಲಿಯ ಗೊಡವೆಯೇ ಬೇಡ. ಮನೆಯಲ್ಲೇ ಅಂಗಡಿ ಇದ್ದು, ಮಗ ನಾಳೆಯಿಂದಲೇ ಗಲ್ಲೆಯ ಮೇಲೆ ಕೂರುವವನಿದ್ದರೆ ಮಾತ್ರ ಟ್ಯಾಲಿಯನ್ನು ಮೊದಲಿಗೆ ತನ್ನಿ, ಅದೂ ಕಾಗದದ ಮೇಲೆ ಕಿರ್ದಿ, ಖತಾವಣಿ (ಲೆಡ್ಜರ್) ಬರೆಸಿಯೇ.

ಮೊಬೈಲಿನಲ್ಲಿ ಇವೆಲ್ಲ ಆಗುತ್ತದಾ ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ವಿಡಿಯೋ ನೋಡುವುದು ಆಗುತ್ತದೆ, ಮಾಡುವುದು ಆಗುವುದಿಲ್ಲ. ಟ್ಯಾಲಿ ಕ್ಲಾಸಿಗೆ ಕಟ್ಟುವ ಆ ನಾಲ್ಕೈದು ಸಾವಿರಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಕಚೇರಿಗಳಿಂದ ಬರುವ ಹಳೇ ಡೆಸ್ಕ್‌ಟಾಪ್ ಸಿಗುತ್ತದೆ. ಲಿಬ್ರೆಆಫೀಸ್ ಅದರಲ್ಲಿ ಆರಾಮಾಗಿ ಓಡುತ್ತದೆ. ಕೊಳ್ಳುವಾಗ ಕೀಬೋರ್ಡಿನ ಒಂದೊಂದೇ ಕೀ ಒತ್ತಿ ನೋಡಿ, ಬಲಗಡೆಯ ನಂಬರ್ ಕೀಗಳು ಇರುವಂಥದ್ದನ್ನೇ ತಗೊಳ್ಳಿ.