ಹಳೆ ಫಿಲ್ಟರಿನ ರಬ್ಬರ್ ರಿಂಗ್ ಕಣ್ಣಿಗೆ ಬೀಳುವವರೆಗೆ ಹೊಸದನ್ನು ಹಾಕಬೇಡಿ

ಮನೆಯಲ್ಲೇ ಕಾರಿನ ಆಯಿಲ್ ಬದಲಿಸುವ ಯೋಚನೆ ಇದ್ದವರು ಇದನ್ನು ಓದಿ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಎರಡೇ ಮಾತು. ಹಳೆ ಆಯಿಲ್ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ಬಾಯಿ ನೋಡಿ. ಸುತ್ತ ಇರಬೇಕಾದ ಕಪ್ಪು ರಬ್ಬರ್ ರಿಂಗ್ ಕಾಣದಿದ್ದರೆ ಅದು ಇಂಜಿನ್ನಿಗೆ ಅಂಟಿಕೊಂಡು ಕೂತಿದೆ ಅಂತ ಅರ್ಥ. ಇನ್ನೊಂದು, ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಓಡಿಸುವಾಗ ಹತ್ತಿಕೊಂಡರೆ ಮೊದಲು ಇಂಜಿನ್ ಆಫ್ ಮಾಡಿ, ಯೋಚನೆ ಆಮೇಲೆ. ನಾನು ಎರಡನ್ನೂ ಮಾಡಲಿಲ್ಲ. ಉಳಿಸಲು ಹೊರಟದ್ದು 400 ರೂಪಾಯಿ ಕೂಲಿ. ಕೈಬಿಟ್ಟದ್ದು 46,000 ಚಿಲ್ಲರೆ.

ನಮ್ಮದು ಮಡಿಕೇರಿಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಮನೆ. ಕಾರು ಹತ್ತು ವರ್ಷದ ಹಳೆಯ ಸಣ್ಣ ಪೆಟ್ರೋಲ್ ಗಾಡಿ. ಹೋದ ವರ್ಷ ಅಕ್ಟೋಬರಿನಲ್ಲಿ ಸುಳ್ಯದಲ್ಲಿ ಭಾವನ ಮನೆ ಒಕ್ಕಲು ಇತ್ತು. ಸೋಮವಾರ ಹೊರಡಬೇಕು, ಶನಿವಾರ ನೋಡಿದರೆ ಆಯಿಲ್ ಬದಲಿಸುವ ಕಿಲೋಮೀಟರ್ ಯಾವಾಗಲೋ ದಾಟಿದೆ. ಗ್ಯಾರೇಜಿಗೆ ಫೋನ್ ಮಾಡಿದರೆ ಬುಧವಾರ ಬನ್ನಿ ಅಂದರು. ತೋಟದ ಡೀಸೆಲ್ ಪಂಪ್‌ಸೆಟ್ಟಿಗೆ ವರ್ಷ ವರ್ಷ ನಾನೇ ಆಯಿಲ್ ಹಾಕುವವನು, ಕಾರೇನು ಮಹಾ ಅನ್ನಿಸಿತು. ನಾಲ್ಕು ವಿಡಿಯೋ ನೋಡಿದೆ. ನಾಲ್ಕರಲ್ಲೂ ಫಿಲ್ಟರ್ ಕೈಯಲ್ಲಿ ತಿರುಗಿಸಿದರೆ ಬಾಟಲಿ ಮುಚ್ಚಳದ ಹಾಗೆ ಬರುತ್ತಿತ್ತು.

ಜಾಗದ್ದೇ ಮೊದಲ ರಗಳೆ. ಕೊಡಗಿನಲ್ಲಿ ಅಂಗಳ ಅಂದರೆ ಒಂದು ಕಡೆಗೆ ಇಳಿಜಾರು, ಮಳೆಗಾಲ ಮುಗಿದರೂ ಮಣ್ಣು ಮೆತ್ತಗೆ. ಸಪಾಟು ಅಂತ ಇದ್ದದ್ದು ಕಾಫಿ ಒಣಗಿಸುವ ಸಿಮೆಂಟ್ ಕಣ ಒಂದೇ. ಅವ್ವ ಬಾಗಿಲಲ್ಲೇ ನಿಂತು, "ಕಣಕ್ಕೆ ಎಂತಕ್ಕೆ ತರ್ತಿ? ನಾಳೆ ಕಾಫಿ ಹಾಕುವ ಜಾಗ ಅದು" ಅಂದರು. "ಒಂದು ತೊಟ್ಟೂ ಬೀಳೂದಿಲ್ಲ ಅವ್ವಾ" ಅಂದೆ.

ಜಾಕಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರಿಂದ ನನಗೆ ಏನೂ ಆಗಲಿಲ್ಲ, ಆದರೆ ಆಗದೇ ಇದ್ದದ್ದು ನನ್ನ ಜಾಣತನದಿಂದಲ್ಲ. ಗಾಡಿಯ ಜೊತೆ ಕೊಟ್ಟಿರುತ್ತಾರಲ್ಲ, ಆ ಕತ್ತರಿ ಜಾಕಿ, ಅದರ ಮೇಲೆ ಮುಂಭಾಗ ಎತ್ತಿ ಹಾಗೆಯೇ ಅಡಿಗೆ ನುಸುಳಿದೆ. ಅದು ಚಕ್ರ ಬದಲಿಸಲು ಇರುವುದು, ಮನುಷ್ಯ ಅಡಿಯಲ್ಲಿ ಮಲಗಲು ಅಲ್ಲ. ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಕಟ್ಟಿಗೆ ಇಟ್ಟ ಮೇಲೆ ಮಾತ್ರ ತಲೆ ಒಳಗೆ ಹಾಕಬೇಕು. ನಮ್ಮ ಕಡೆ ಸ್ಟ್ಯಾಂಡಿನ ಬದಲು ಸಿಮೆಂಟ್ ಬ್ಲಾಕ್ ಇಡುವ ಅಭ್ಯಾಸ ಇದೆ. ಟೊಳ್ಳು ಬ್ಲಾಕ್ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಇಂಜಿನ್ ಸ್ವಲ್ಪ ಬಿಸಿ ಮಾಡಿ, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಬಾಣಲೆಗೆ ಇಳಿಸಿದೆ. ಮೂರು ಲೀಟರಿನ ಹತ್ತಿರ ಕಪ್ಪು ಎಣ್ಣೆ. ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿದೆ. ಅಲ್ಲಿಯವರೆಗೆ ಎಲ್ಲ ವಿಡಿಯೋದ ಹಾಗೆಯೇ.

ಫಿಲ್ಟರ್ ಮಾತ್ರ ಅಲ್ಲಾಡಲಿಲ್ಲ. ಹಿಂದಿನ ಸಲ ಹಾಕಿದವರು ಪಾನದಲ್ಲಿ, ಅಂದರೆ ಸ್ಪ್ಯಾನರಿನಲ್ಲಿ, ಬಿಗಿದಿರಬೇಕು. ಅದಿರುವುದೂ ಇಂಜಿನ್ನಿನ ಹಿಂಬದಿ. ಕೈ ಹೋದರೆ ಕಣ್ಣು ಹೋಗುವುದಿಲ್ಲ, ಕಣ್ಣು ಹೋದರೆ ಕೈ ಹೋಗುವುದಿಲ್ಲ. ಫಿಲ್ಟರ್ ಬಿಚ್ಚುವ ಪಾನ ನನ್ನ ಹತ್ತಿರ ಇರಲಿಲ್ಲ. ಒಬ್ಬ ವಿಡಿಯೋದವನು ಹೇಳಿದ ಉಪಾಯ ನೆನಪಾಯಿತು: ಉದ್ದ ಸ್ಕ್ರೂಡ್ರೈವರನ್ನು ಫಿಲ್ಟರಿನ ಹೊಟ್ಟೆಗೆ ಸುತ್ತಿಗೆಯಿಂದ ಹೊಡೆದು ತೂರಿಸಿ, ಅದನ್ನೇ ಹಿಡಿ ಮಾಡಿಕೊಂಡು ತಿರುಗಿಸುವುದು. ಹೊಡೆದೆ. ತಿರುಗಿಸಿದೆ. ಫಿಲ್ಟರ್ ತಿರುಗುವ ಬದಲು ಅದರ ತಗಡು ಹರಿಯಿತು, ಬಿಸಿ ಎಣ್ಣೆ ಮೊಣಕೈವರೆಗೆ ಇಳಿಯಿತು, ಬಾಣಲೆ ಇದ್ದದ್ದು ಇನ್ನೊಂದು ಕಡೆ. ಕಣದ ಮೇಲೆ ಒಂದು ಚಾಪೆಯಷ್ಟು ಅಗಲಕ್ಕೆ ಎಣ್ಣೆ. ಅವ್ವ ಏನೂ ಹೇಳಲಿಲ್ಲ, ಒಳಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಅಷ್ಟು ಹೊತ್ತಿಗೆ ಕತ್ತಲೆ. ಹಳೆ ಪಂಪ್‌ಸೆಟ್ಟಿನ ಬೆಲ್ಟ್ ತಂದು ಫಿಲ್ಟರಿಗೆ ಸುತ್ತಿ ಎಳೆದಾಗ ಅಂತೂ ಬಂತು. ಈ ಬೆಲ್ಟಿನ ಕೆಲಸವನ್ನು ಮೊದಲೇ ಮಾಡಬಹುದಿತ್ತು. ಸಿಟ್ಟಿನಲ್ಲಿ ಹರಿದ ಫಿಲ್ಟರನ್ನು ಗೋಣಿಚೀಲಕ್ಕೆ ಎಸೆದೆ. ಅದರ ಬಾಯಿ ನೋಡಲಿಲ್ಲ. ಹೊಸದು ಕೂರುವ ಜಾಗವನ್ನು ಬಟ್ಟೆ ಹಿಡಿದು ಕುರುಡಾಗಿ ಒರೆಸಿದೆ. ಬೆರಳಿಗೆ ನುಣ್ಣಗೆ ತಾಗಿತು. ಆ ನುಣುಪು ಲೋಹದ್ದಲ್ಲ, ರಬ್ಬರಿನದ್ದು ಅಂತ ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು.

ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಇನ್ನೊಂದು ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಆಯಿಲ್ ತುಂಬಿ, ಇಂಜಿನ್ ಚಾಲೂ ಮಾಡಿ, ಐದು ನಿಮಿಷ ನಿಂತಲ್ಲೇ ಓಡಿಸಿದೆ. ದೀಪ ಆರಿತು. ಟಾರ್ಚ್ ಬಿಟ್ಟು ನೋಡಿದರೆ ಅಲ್ಲಲ್ಲಿ ತೊಟ್ಟು ಬೀಳುತ್ತಿದೆ. ಅಷ್ಟೆಲ್ಲ ಚೆಲ್ಲಿದೆಯಲ್ಲ, ಅದೇ ಸೋರುತ್ತಿದೆ ಅಂದುಕೊಂಡೆ. ಇಲ್ಲಿ ನನ್ನ ತಪ್ಪು ನೋಡಿ: ಚೆಲ್ಲಿದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯದ ಕಾರಣ, ಹಳೆ ತೊಟ್ಟು ಯಾವುದು ಹೊಸ ಸೋರಿಕೆ ಯಾವುದು ಅಂತ ಹೇಳುವ ದಾರಿಯೇ ಇರಲಿಲ್ಲ. ಎಲ್ಲ ಒರೆಸಿ, ಅಡಿಯಲ್ಲಿ ಒಂದು ಹಳೆ ಪೇಪರ್ ಹಾಸಿ, ಬೆಳಿಗ್ಗೆ ನೋಡಿದ್ದರೆ ಸಾಕಿತ್ತು. ಸುಳ್ಯದಲ್ಲೂ ಭಾವನ ಅಂಗಳದಲ್ಲಿ ಗಾಡಿ ತೆಗೆದ ಜಾಗದಲ್ಲಿ ರೊಟ್ಟಿಯಷ್ಟು ಅಗಲದ ಕಲೆ ಇತ್ತು. ಕಾಲಿನಿಂದ ಮಣ್ಣು ಎಳೆದು ಮುಚ್ಚಿ, ಊಟಕ್ಕೆ ಹೋದೆ.

ವಾಪಸ್ ಬರುವಾಗ ಸಂಜೆ, ಮಳೆ. ಸಂಪಾಜೆ ದಾಟಿದರೆ ಘಾಟಿ. ಅಲ್ಲಿಂದ 1,100 ಮೀಟರಿಗೂ ಎತ್ತರದ ಮಡಿಕೇರಿಯವರೆಗೆ ಏರುವುದೇ ಏರುವುದು, ಸಣ್ಣ ಗಾಡಿಗೆ ಎರಡನೇ ಗೇರು, ಮೂರನೇ ಗೇರು, ಇಂಜಿನ್ ಮೇಲೆ ಬಿಡುವಿಲ್ಲದ ಭಾರ. ಕೊಯನಾಡು ದಾಟಿ ಸ್ವಲ್ಪ ದೂರ ಬಂದಾಗ ಕೆಂಪು ದೀಪ ಒಂದು ತಿರುವಿನಲ್ಲಿ ಮಿಣುಕಿ ಆರಿತು. ಮುಂದಿನ ತಿರುವಿನಲ್ಲಿ ಹತ್ತಿತು, ಆರಲಿಲ್ಲ.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಆಯಿಲ್ ಸ್ವಲ್ಪ ಕಮ್ಮಿ ಹಾಕಿದೆನೋ ಏನೋ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ. ಎಡಗಡೆ ಗುಡ್ಡ, 2018ರ ಆಗಸ್ಟಿನಲ್ಲಿ ಜರಿದು ರಸ್ತೆಯನ್ನೇ ಮುಚ್ಚಿದ ಆ ಸಾಲಿನ ಗುಡ್ಡ. ಮಳೆಯಲ್ಲಿ ಅದರ ಬುಡದಲ್ಲಿ ನಿಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಹಿಂದಿನ ಸೀಟಿನಲ್ಲಿ ಅವ್ವ. ಜೋಡುಪಾಲ ತಲುಪಿದರೆ ಅಂಗಡಿ ಇದೆ, ಬೆಳಕಿದೆ, ಅಲ್ಲಿ ನಿಲ್ಲಿಸಿದರಾಯಿತು. ಹೀಗೆ ಒಂದೂವರೆ ಕಿಲೋಮೀಟರ್ ಎಳೆದೆ.

ಆ ದೀಪ ಎಣ್ಣೆಯ ಅಳತೆ ತೋರಿಸುವುದಲ್ಲ, ಎಣ್ಣೆಯ ಒತ್ತಡ ತೋರಿಸುವುದು. ಎಣ್ಣೆ ಅಳೆಯುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್ಕಿನ, ಕೆಳಗಿನ ಗುರುತಿಗೆ ಆಯಿಲ್ ಇಳಿದರೂ ಅದು ಸುಮ್ಮನಿರುತ್ತದೆ. ಪಂಪಿಗೆ ಎಳೆದುಕೊಳ್ಳಲು ಎಣ್ಣೆಯೇ ಸಿಗದೆ ಒತ್ತಡ ನೆಲ ಕಚ್ಚಿದ ಮೇಲೆ ಹತ್ತುತ್ತದೆ. ಅಂದರೆ ಅದು ಹತ್ತಿದಾಗ ಬೇರಿಂಗಿನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇದ್ದ ಎಣ್ಣೆಯ ಪೊರೆ ಆಗಲೇ ಹೋಗುತ್ತಿದೆ. ಅಂಗಡಿ ಹುಡುಕಲು ಅಲ್ಲಿ ಸಮಯ ಇಲ್ಲ.

ಮೊದಲು ಟಕ್ ಟಕ್ ಅಂತ ಸಣ್ಣ ಸದ್ದು. ಆಮೇಲೆ ಕಲ್ಲಿಗೆ ಕಲ್ಲು ಹೊಡೆದ ಹಾಗೆ. ಅವ್ವ "ಎಂತ ಅದು?" ಅಂತ ಕೇಳಿ ಮುಗಿಸುವ ಮೊದಲೇ ಇಂಜಿನ್ ನಿಂತಿತು. ಕೀ ತಿರುಗಿಸಿದರೆ ಒಂದು ಕಟ್ ಅನ್ನುವ ಸದ್ದು, ಅಷ್ಟೇ.

ಇಳಿದು ಹಿಂದೆ ನೋಡಿದರೆ ಒದ್ದೆ ರಸ್ತೆಯ ಮೇಲೆ ಬೇರೆ ಗಾಡಿಗಳ ಬೆಳಕಿಗೆ ಕಾಮನಬಿಲ್ಲಿನ ಬಣ್ಣ ಹೊಳೆಯುತ್ತಿತ್ತು. ನನ್ನ ಆಯಿಲ್, ತಿರುವಿನಿಂದ ತಿರುವಿಗೆ. ಕೆಳಗಿನಿಂದ ಬಂದ ಬೈಕಿನ ಹುಡುಗ ಅದರ ಮೇಲೆ ಜಾರಿ, ಕಾಲು ಕೊಟ್ಟು ಹೇಗೋ ಸಾವರಿಸಿಕೊಂಡ. "ಎಂತ ಮಾರಾಯ್ರೆ, ಕೊಲ್ಲುವ ಅಂದಾಜಾ?" ಅಂತ ಬೈದವನೇ ಆಮೇಲೆ ಬೈಕ್ ನಿಲ್ಲಿಸಿ, ಹತ್ತಿರದ ಮನೆಯಿಂದ ಇಬ್ಬರನ್ನು ಕರೆತಂದು ತಿರುವಿಗೆಲ್ಲ ಮಣ್ಣು ಹಾಕಿಸಿದ. ನಾನು ಕೊಡೆ ಹಿಡಿದು, ಬರುವ ಗಾಡಿಗಳಿಗೆ ಟಾರ್ಚ್ ಬೀಸುತ್ತಾ ನಿಂತೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಅವ್ವನನ್ನು ಬಸ್ಸು ಹತ್ತಿಸಿದ್ದು ಏಳೂವರೆಗೆ, ಟೋಯಿಂಗ್ ಗಾಡಿ ಬಂದದ್ದು ಹತ್ತರ ಮೇಲೆ. ಮಣ್ಣಿನಲ್ಲಿ ನಿಲ್ಲದ ಎಣ್ಣೆ ಎಲ್ಲಿಗೆ ಹೋಗಿರಬಹುದು ಅಂತ ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದೆ. ಆ ಘಾಟಿಯ ನೀರು ಪಯಸ್ವಿನಿಗೆ ಇಳಿಯುತ್ತದೆ. ಬೆಳಿಗ್ಗೆ ಸುಳ್ಯದಲ್ಲಿ ನಾನು ದಾಟಿದ್ದು ಅದೇ ಹೊಳೆ.

ಮರುದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ ನನ್ನ ಮುಂದೆ ಹಿಡಿದರು. ಹೊಸ ರಿಂಗ್, ಅದರ ಮೇಲೆ ಅರ್ಧ ಹೊರಗೆ ಜಾರಿದ ಹಳೆ ರಿಂಗ್. "ಸಾರ್, ಇದಕ್ಕೆ ಎರಡು ಉಂಗುರ ತೊಡಿಸಿದ್ದೀರಲ್ಲಾ" ಅಂದರು, ನಗದೆ. ಹೊಸ ರಿಂಗಿಗೆ ಫಿಲ್ಟರಿನಲ್ಲಿ ಕೂರಲು ಕಾಲುವೆ ಇದೆ. ಹಳೆಯದಕ್ಕೆ ಏನೂ ಇಲ್ಲ, ರಬ್ಬರಿನ ಮೇಲೆ ರಬ್ಬರ್, ನಡುವೆ ಎಣ್ಣೆ. ನಿಂತಲ್ಲಿ ಓಡುವಾಗ ಒತ್ತಡ ಕಮ್ಮಿ, ಹೇಗೋ ತಡೆಯುತ್ತದೆ. ಇಂಜಿನ್ ಜೋರಾಗಿ ತಿರುಗಿದಷ್ಟೂ ಪಂಪ್ ಜೋರಾಗಿ ದೂಡುತ್ತದೆ, ರಿಂಗ್ ಒಂದು ಕಡೆ ಜಾರಿ ಬಾಯಿ ಬಿಡುತ್ತದೆ. ಬಿಟ್ಟ ಮೇಲೆ ಮೂರು ಲೀಟರ್ ಖಾಲಿಯಾಗಲು ಹೆಚ್ಚು ಹೊತ್ತು ಬೇಡ. ಕನೆಕ್ಟಿಂಗ್ ರಾಡಿನ ಬೇರಿಂಗ್ ಸುಟ್ಟಿತ್ತು, ಕ್ರ್ಯಾಂಕಿಗೆ, ಅಂದರೆ ಇಂಜಿನ್ನಿನ ತಿರುಗುವ ದಂಡಕ್ಕೆ, ಗೀರು ಬಿದ್ದಿತ್ತು. ಕ್ರ್ಯಾಂಕನ್ನು ಮೈಸೂರಿಗೆ ಕಳಿಸಿ ಗ್ರೈಂಡ್ ಮಾಡಿಸಿ, ಬೇರಿಂಗ್ ಸೆಟ್ಟು, ಆಯಿಲ್ ಪಂಪು, ಕೂಲಿ ಎಲ್ಲ ಸೇರಿ ಮೇಲೆ ಹೇಳಿದ ಲೆಕ್ಕ, 19 ದಿನ. ವಿಮೆಯವರನ್ನು ಕೇಳಿದೆ, ಅಪಘಾತವಲ್ಲ, ಯಂತ್ರ ಕೆಟ್ಟದ್ದು, ಬರುವುದಿಲ್ಲ ಅಂದರು. ಪಾಲಿಸಿ ತೆಗೆದು ಓದಿದರೆ ಹಾಗೆಯೇ ಬರೆದಿದೆ.

ಮೆಕ್ಯಾನಿಕ್ ಇನ್ನೊಂದು ವಿಷಯ ತೋರಿಸಿದರು, ಅದು ನನಗೆ ಹೊಸದು. ಹೊರಗಿನಿಂದ ಒಂದೇ ಥರ ಕಾಣುವ ಫಿಲ್ಟರುಗಳ ಒಳಗಿನ ಮರೆ, ಅಂದರೆ ತಿರುಪಿನ ಗೆರೆ, ಬೇರೆ ಬೇರೆ ಇರುತ್ತದೆ. ಒಂದಕ್ಕೆ 20 ಮಿಲಿಮೀಟರ್, ಇನ್ನೊಂದಕ್ಕೆ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್ ಚಿಲ್ಲರೆ. ದೊಡ್ಡ ಮರೆಯ ಫಿಲ್ಟರ್ ಇಂಜಿನ್ನಿನ ಸಣ್ಣ ಕೊಳವೆಗೆ ಹತ್ತಿದ ಹಾಗೆಯೇ ಕಾಣುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. "ಸೈಜ್ ಸೇಮ್ ಇದೆ, ನಡೀತದೆ" ಅಂತ ಅಂಗಡಿಯಲ್ಲಿ ಕೊಟ್ಟರೆ ತಗೊಳ್ಳಬೇಡಿ. ನಿಮ್ಮ ಗಾಡಿಯ ಪಾರ್ಟ್ ನಂಬರ್ ಹೇಳಿ ಕೇಳಿ.

ನಾನು ಆಮೇಲೂ ಮನೆಯಲ್ಲೇ ಒಂದು ಸಲ ಬದಲಿಸಿದ್ದೇನೆ, ಹಠಕ್ಕೆ ಅಂತಲೇ ಇಟ್ಟುಕೊಳ್ಳಿ. ಹಗಲಲ್ಲಿ, ಎಲ್ಲಿಗೂ ಹೋಗಲಿಕ್ಕಿಲ್ಲದ ದಿನ. ಫಿಲ್ಟರ್ ಪಾನ ಕೊಂಡೆ, 250 ರೂಪಾಯಿ. ಕಣ್ಣು ಹೋಗದ ಜಾಗಕ್ಕೆ ಮೊಬೈಲ್ ತೂರಿಸಿ, ಫ್ಲ್ಯಾಶ್ ಹಾಕಿ, ಹಳೆಯದು ಬಿಚ್ಚಿದ ಮೇಲೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಬರೀ ಲೋಹ ಕಾಣಬೇಕು. ಹಳೆ ಫಿಲ್ಟರಿನ ಬಾಯಲ್ಲಿ ರಿಂಗ್ ಇತ್ತು, ಬೆರಳಿನಿಂದ ಎಬ್ಬಿಸಿ ತೆಗೆದು ಕೈಯಲ್ಲಿ ಹಿಡಿದ ಮೇಲೆಯೇ ಹೊಸದರ ಡಬ್ಬ ಒಡೆದದ್ದು. ಇಂಜಿನ್ ನಿಂತಲ್ಲಿ ಓಡಿಸುವುದರ ಜೊತೆಗೆ ಎರಡು ನಿಮಿಷ ಆಕ್ಸಿಲರೇಟರ್ ಒತ್ತಿ ಜೋರಾಗಿಯೂ ಓಡಿಸಿ, ಆಫ್ ಮಾಡಿ, ಅಡಿಯಲ್ಲಿ ಪೇಪರ್ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿದೆ. ಪೇಪರ್ ಒಣಗಿಯೇ ಇತ್ತು.

ಹಳೆ ಎಣ್ಣೆಯನ್ನು ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಟ್ಟೆ, ಅವರ ಡ್ರಮ್ಮಿಗೆ. ನಮ್ಮಲ್ಲಿ ಅದನ್ನು ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳಿಯುತ್ತಾರೆ, ಉಳಿದದ್ದನ್ನು ಚರಂಡಿಗೆ ಚೆಲ್ಲುತ್ತಾರೆ. ನಾನೂ ಬಳಿದವನೇ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಕೊಡಗಿನ ಮಳೆಗೆ ಕಂಬದಲ್ಲಿ ಎಷ್ಟು ದಿನ ನಿಲ್ಲುತ್ತದೆ ಅಂತ ನಿಮಗೂ ಗೊತ್ತು.

ಕಣದ ಕಲೆ ಮಾತ್ರ ಹೋಗಲಿಲ್ಲ. ಬೂದಿ ಹಾಕಿ ಉಜ್ಜಿದೆ, ಸೋಪಿನ ಪುಡಿ ಹಾಕಿ ಉಜ್ಜಿದೆ, ಸಿಮೆಂಟ್ ಕುಡಿದ ಎಣ್ಣೆ ಬಿಸಿಲಿಗೆ ಮತ್ತೆ ಮೇಲೆ ಬರುತ್ತದೆ. ಕಾಫಿ ಎಲ್ಲ ವಾಸನೆಯನ್ನೂ ಎಳೆದುಕೊಳ್ಳುವ ಜಾತಿ. ಅವ್ವ ಕಲೆಯ ಸುತ್ತ ಸುಣ್ಣದಲ್ಲಿ ಗೆರೆ ಎಳೆದಿದ್ದಾರೆ. ಈ ಸಲದ ಅರೇಬಿಕಾ ಗೆರೆಯ ಆಚೆಗೆ ಒಣಗುತ್ತಿದೆ.